ಬಿಪಿಎಲ್ ಗೆರೆ, ರೆಫರಲ್ ಚೀಟಿ ಮತ್ತು ಐದು ಲಕ್ಷದ ಕಾರ್ಡು

ಮಾನ್ಯ ಸಂಪಾದಕರೇ,

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಐದು ಲಕ್ಷದವರೆಗೆ ಚಿಕಿತ್ಸೆ ಉಚಿತ ಎಂಬ ಮಾತು ಹಳ್ಳಿಹಳ್ಳಿಗೂ ಮುಟ್ಟಿದೆ. ಅದು ಬಿಪಿಎಲ್ ಕುಟುಂಬಕ್ಕೆ ಮಾತ್ರ ಎಂಬುದು ಅಷ್ಟಾಗಿ ಮುಟ್ಟಿಲ್ಲ. ಎಪಿಎಲ್‌ನವರಿಗೆ ಸರ್ಕಾರ ಭರಿಸುವುದು ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರ) ಶೇ 30, ಅದೂ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ. ಪ್ಯಾಕೇಜ್ ಒಂದು ಲಕ್ಷದ್ದಾದರೆ 70 ಸಾವಿರ ಮನೆಯವರೇ ಹೊಂದಿಸಬೇಕು. ಬಿಪಿಎಲ್‌ನ ವಾರ್ಷಿಕ ವರಮಾನದ ಮಿತಿ 1.2 ಲಕ್ಷ, ಅಂದರೆ ತಿಂಗಳಿಗೆ 10 ಸಾವಿರ. ಮನೆಯ ಒಬ್ಬ ಹುಡುಗ ಪಗಾರಕ್ಕೆ ಸೇರಿದರೆ ಸಾಕು, ಗೆರೆ ದಾಟಿದಂತೆ. ಕಾರ್ಡ್ ಎಪಿಎಲ್ ಆದಾಗ ಅಕ್ಕಿ ಹೋಯಿತೆಂದು ಮರುಗುವವರಿಗೆ, ಆಪರೇಷನ್ ಖರ್ಚೂ ತಲೆ ಮೇಲೆ ಬಂದದ್ದು ದವಾಖಾನೆಯ ಕೌಂಟರ್‌ನಲ್ಲೇ ಗೊತ್ತಾಗುವುದು.

ಬಿಪಿಎಲ್ ಇದ್ದರೂ ದಾರಿ ಸಲೀಸಲ್ಲ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ನೇರವಾಗಿ ಖಾಸಗಿ ನೋಂದಾಯಿತ ಆಸ್ಪತ್ರೆಗೆ ಹೋಗಬಹುದು. ಉಳಿದದ್ದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆ ಚಿಕಿತ್ಸೆ ಇಲ್ಲವೆಂದು ವೈದ್ಯರು ರೆಫರಲ್, ಅಂದರೆ ಬೇರೆ ಆಸ್ಪತ್ರೆಗೆ ಕಳಿಸುವ ಚೀಟಿ, ಕೊಡಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಆ ವಿಭಾಗದ ತಜ್ಞರಿಲ್ಲದಿದ್ದರೆ ಸಿಂದಗಿಯವರು ವಿಜಯಪುರಕ್ಕೆ, ಅಥಣಿಯವರು ಬೆಳಗಾವಿಗೆ ಅಲೆಯಬೇಕು. ಜನ ಎಡವುವುದು ಇಲ್ಲೇ: ಮೊದಲು ಖಾಸಗಿಯಲ್ಲಿ ದಾಖಲಾಗಿ, ಆಮೇಲೆ ಚೀಟಿಗೆ ಓಡುತ್ತಾರೆ. ತುರ್ತಲ್ಲದ ರೋಗಕ್ಕೆ ಹಾಗೆ ನಡೆಯುವುದಿಲ್ಲ. ಆಧಾರ್, ರೇಷನ್ ಕಾರ್ಡ್‌ಗಳಲ್ಲಿ ಹೆಸರು ಬೇರೆಬೇರೆ ಇದ್ದರೆ ಇನ್ನೊಂದು ಸುತ್ತು. ಹೊಲದಲ್ಲಿ ದುಡಿದು ಬೆರಳಗೆರೆ ಸವೆದ ವೃದ್ಧರಿಗೆ ಬೆರಳಚ್ಚೇ ಮೂಡುವುದಿಲ್ಲ. ಕಾಯಿಲೆ ಬರುವ ಮೊದಲೇ ಇವನ್ನು ಸರಿಪಡಿಸಿಕೊಳ್ಳುವುದು ಲೇಸು.

ಪ್ಯಾಕೇಜ್ ಸಿಗುವುದೇ ಆಸ್ಪತ್ರೆಗೆ ದಾಖಲಾದರೆ. ದಾಖಲಾತಿಗೆ ಮುಂಚಿನ 3 ದಿನ, ಬಿಡುಗಡೆಯ ನಂತರದ 15 ದಿನದ ಖರ್ಚು ಅದರಲ್ಲಿ ಸೇರಿದೆ. ಆದರೆ ರೋಗ ಯಾವುದೆಂದು ಹುಡುಕಲು ತಿಂಗಳುಗಟ್ಟಲೆ ಮಾಡಿಸಿದ ಸ್ಕ್ಯಾನ್, ಆಜೀವ ನುಂಗುವ ಸಕ್ಕರೆ-ಬಿಪಿ ಗುಳಿಗೆ ಯಾವುದೂ ಇದರಲ್ಲಿ ಬರುವುದಿಲ್ಲ. ಬಡವರ ಕೈ ಖಾಲಿಯಾಗುವುದು ಈ ಚಿಲ್ಲರೆ ಖರ್ಚಿನಲ್ಲೇ.

ಗಡಿಯ ಸಂಗತಿ ಬೇರೆ. ಕಾಗವಾಡ, ಅಥಣಿಯವರಿಗೆ ಮಹಾರಾಷ್ಟ್ರದ ಮಿರಜ್ ಹತ್ತಿರ, ಚಡಚಣದವರಿಗೆ ಸೊಲ್ಲಾಪುರ. ಕೇಂದ್ರದ ಫಲಾನುಭವಿ ಪಟ್ಟಿಯಲ್ಲಿ ಇರುವವರಿಗಷ್ಟೇ ಕಾರ್ಡ್ ಗಡಿಯಾಚೆ ನಡೆಯುತ್ತದೆ. ಹೊರಡುವ ಮುನ್ನ ಸಹಾಯವಾಣಿ 14555ಕ್ಕೆ ಫೋನ್ ಮಾಡಿ ಕೇಳಿಕೊಳ್ಳಬೇಕು.

ಸಹಕಾರಿ ಸಂಘದ ಸದಸ್ಯರಾದ ರೈತರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ: ಗ್ರಾಮೀಣ ಭಾಗದಲ್ಲಿ ನಾಲ್ವರ ಕುಟುಂಬಕ್ಕೆ 500 ರೂಪಾಯಿ ವಂತಿಗೆ. ನೋಂದಣಿಯ ಅವಧಿ ತಪ್ಪಿದರೆ ಆ ವರ್ಷ ಹೋದಂತೆಯೇ. ಅದೂ ಇಲ್ಲದವರು ಖಾಸಗಿ ಆರೋಗ್ಯ ವಿಮೆ ಪಾಲಿಸಿಗೆ ಹೋಗುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಶೇ 18ರ ಜಿಎಸ್‌ಟಿ ಇಲ್ಲ, ಒಳ್ಳೆಯದೇ. ಆದರೆ ಪೆಟ್ಟು ಬೀಳುವುದು ಕೋಣೆ ಬಾಡಿಗೆಯಲ್ಲಿ. ಮೂರು ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇ 1, ಅಂದರೆ 3,000 ರೂಪಾಯಿ ಮಿತಿ ಇದೆಯೆನ್ನಿ. ನೀವು 6,000ದ ಕೋಣೆ ಹಿಡಿದರೆ ಬಾಡಿಗೆ ಮಾತ್ರವಲ್ಲ, ವೈದ್ಯರ ಫೀ, ಆಪರೇಷನ್ ಥಿಯೇಟರ್ ಶುಲ್ಕಕ್ಕೂ ಕಂಪನಿ ಕೊಡುವ ಹಣ ಅರ್ಧಕ್ಕೆ ಇಳಿಯುತ್ತದೆ. ಔಷಧ, ಇಂಪ್ಲಾಂಟ್ (ದೇಹದೊಳಗೆ ಕೂರಿಸುವ ಸಾಧನ), ಪರೀಕ್ಷೆಗಳಿಗೆ ಈ ಕಡಿತ ಹಾಕುವಂತಿಲ್ಲ. ಹಾಕಿದ್ದರೆ ಕಂಪನಿಗೆ ಬರೆದು ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ಸರ್ಕಾರ ಕೂಡಲೇ ಎರಡು ಕೆಲಸ ಮಾಡಬೇಕು. ತಜ್ಞರಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿರುವ ವೈದ್ಯರೇ ಅದೇ ದಿನ ರೆಫರಲ್ ಕೊಡುವಂತಾಗಲಿ. ಎಪಿಎಲ್‌ನ ಶೇ 30 ಎಂಬುದನ್ನು ವರಮಾನಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಲಿ.

— ಓದುಗ, ಸಿಂದಗಿ, ವಿಜಯಪುರ ಜಿಲ್ಲೆ