ಬೀದರಿನ ಚಳಿ, ಶಹಾಬಾದಿನ ಕಲ್ಲು, ಶಹಾಪುರದ ಗದ್ದೆ

ಹ್ಯಾಂಬರ್ಗ್, ಜರ್ಮನಿ
19 ಜನವರಿ 2025

ಪೂಜ್ಯ ಕಾಕಾ ಅವರಿಗೆ ಶರಣು ಶರಣಾರ್ಥಿಗಳು.

ಇಲ್ಲಿ ಎಲ್ಲರೂ ಕ್ಷೇಮ. ಫೋನಿನಲ್ಲಿ ನೀವು ತೆಗೆದ ತಕರಾರು ಬರೋಬ್ಬರಿಯೇ ಇದೆ. ಭೂಮಿ ಕಾಯುತ್ತಿದೆ ಎನ್ನುತ್ತಾರೆ, ಬೀದರಿನಲ್ಲಿ ಅತ್ತಿಯವರು ನೋಡಿದರೆ ಹೊತ್ತು ಏರುವ ತನಕ ಬೆಂಕಿ ಬಿಟ್ಟು ಏಳುವುದಿಲ್ಲ, ಯಾವುದನ್ನು ನಂಬುವುದು? ಫೋನಿನಲ್ಲಿ ಹೇಳಹೊರಟರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಈ ಕಾಗದ.

ಮೊದಲು ಆ ಚಳಿಯನ್ನೇ ತೆಗೆದುಕೊಳ್ಳೋಣ. ಹಗಲು ಬಿಸಿಲಿಗೆ ಕಾದ ನೆಲ ಆ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣವಾಗಿ ಮೇಲಕ್ಕೆ ಬಿಡುತ್ತಲೇ ಇರುತ್ತದೆ. ಒಣ ಗಾಳಿಯಲ್ಲಿ ನೂರಕ್ಕೆ 99 ಪಾಲು ಸಾರಜನಕ ಮತ್ತು ಆಮ್ಲಜನಕ. ಇವೆರಡೂ ಆ ಕಿರಣಕ್ಕೆ ಅಡ್ಡ ಬರುವುದೇ ಇಲ್ಲ. ಅದನ್ನು ಹೀರಿ, ಒಂದು ಪಾಲನ್ನು ಮತ್ತೆ ನೆಲದ ಕಡೆಗೇ ಕಳಿಸುವುದು ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್, ನೈಟ್ರಸ್ ಆಕ್ಸೈಡ್‌ನಂಥ ಕೆಲವೇ ಅನಿಲಗಳು. ಇವನ್ನೇ ಹಸಿರುಮನೆ ಅನಿಲಗಳು ಎನ್ನುತ್ತಾರೆ. ಡಿಸೆಂಬರಿನಲ್ಲಿ ನಮ್ಮ ಕಡೆ ಮೋಡವಿಲ್ಲ, ಗಾಳಿಯಲ್ಲಿ ನೀರಾವಿಯೂ ಕಡಿಮೆ. ರಾತ್ರಿ ಶಾಖ ಸರಾಗವಾಗಿ ಹೊರಗೆ ಹೋಗುತ್ತದೆ. ಬೀದರ್ ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಚಳಿ ಇನ್ನಷ್ಟು. ಶ್ರಾವಣದಲ್ಲಿ ಮೋಡ ಕವಿದು ಗಾಳಿ ಹಸಿಯಾಗಿರುವುದರಿಂದ ರಾತ್ರಿಯೂ ಧಗೆ. ಕಲಬುರಗಿಯಲ್ಲಿ ಡಿಸೆಂಬರಿನ ಹಗಲು ರಾತ್ರಿಗಳ ಅಂತರ ಸುಮಾರು 14 ಡಿಗ್ರಿ. ಜುಲೈ–ಆಗಸ್ಟಿನಲ್ಲಿ 8–9 ಡಿಗ್ರಿ ಮಾತ್ರ. ಅಂದರೆ ಅತ್ತಿಯವರ ಚಳಿ ಹಸಿರುಮನೆ ಅನಿಲಗಳ ಮಾತನ್ನು ಸುಳ್ಳು ಮಾಡುವುದಿಲ್ಲ. ಅವು ಕಡಿಮೆಯಾದರೆ ಏನಾಗುತ್ತದೆ ಎಂಬುದನ್ನೇ ತೋರಿಸುತ್ತದೆ. ಇವು ಪೂರ್ತಿ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಈಗ ಇರುವುದು ಸುಮಾರು 15.

ಹಾಗಾದರೆ ನೀರಾವಿಯೇ ದೊಡ್ಡದು, ಇಂಗಾಲದ ಡೈಆಕ್ಸೈಡನ್ನು ಯಾಕೆ ಬೈಯುತ್ತಾರೆ ಎಂದು ಕೇಳುತ್ತೀರಿ. ನೀರಾವಿ ಹತ್ತು ದಿನದೊಳಗೆ ಮಳೆಯಾಗಿ ಇಳಿದುಬಿಡುತ್ತದೆ. ಗಾಳಿ ಎಷ್ಟು ಬಿಸಿಯೋ ಅಷ್ಟೇ ಅದು ನಿಲ್ಲುವುದು. ಇಂಗಾಲದ ಡೈಆಕ್ಸೈಡ್ ಹಾಗಲ್ಲ. ಇಂದು ಬಿಟ್ಟದ್ದರಲ್ಲಿ ದೊಡ್ಡ ಪಾಲು ನೂರಾರು ವರ್ಷ ಉಳಿಯುತ್ತದೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಅದು ಸುಮಾರು 280 ಇತ್ತು. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಅಳೆಯಲು ಶುರುಮಾಡಿದಾಗ 315ರ ಆಸುಪಾಸು. ಈಗ 420 ದಾಟಿದೆ. ನಮ್ಮ ಕಲಬುರಗಿಯ ಅಪ್ಪನ ಕೆರೆಯ ಕೋಡಿಯನ್ನು ಒಂದು ಮೊಳ ಎತ್ತರಿಸಿದರೆ, ಬರುವ ನೀರು ಅಷ್ಟೇ ಇದ್ದರೂ ಮತ್ತೆ ಕೋಡಿ ಬೀಳುವ ತನಕ ಕೆರೆ ಏರುತ್ತಲೇ ಹೋಗುತ್ತದಲ್ಲ, ಇಲ್ಲೂ ಅಷ್ಟೇ. ಸೂರ್ಯ ಹೆಚ್ಚು ಕೊಡುತ್ತಿಲ್ಲ, ಹೊರಗೆ ಹೋಗುವ ದಾರಿ ಎತ್ತರವಾಗಿದೆ.

ಒಂದು ದಿನದ ಚಳಿ ಬಿಸಿಲು ಹವಾಮಾನ. ವಾಯುಗುಣವೆಂದರೆ 30 ವರ್ಷದ ಲೆಕ್ಕ. ಹ್ಯಾಂಬರ್ಗಿನಲ್ಲೂ ಕಲಬುರಗಿಯಲ್ಲೂ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ ಒಂದೇ, 800 ಮಿ.ಮೀ. ಆಸುಪಾಸು. ಇಲ್ಲಿ ಅದು ಹನ್ನೆರಡೂ ತಿಂಗಳು ಜಿನುಗುತ್ತದೆ, ಅಲ್ಲಿ ಮುಕ್ಕಾಲು ಪಾಲು ಜೂನಿನ ಮಿರಗದ ಮಳೆಯಿಂದ ಸೆಪ್ಟೆಂಬರಿನೊಳಗೆ ಮುಗಿಯುತ್ತದೆ. 2024ರಲ್ಲಿ ಇಡೀ ಭೂಮಿಯ ಸರಾಸರಿ 1850–1900ರ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಮೇಲಿತ್ತು. ಅಷ್ಟಾದರೂ ಚಳಿಯ ರಾತ್ರಿಗಳು ಬರುತ್ತವೆ, ಬರಲಿವೆ. ಕಡಿಮೆಯಾಗುವುದು ಅವುಗಳ ಸಂಖ್ಯೆ.

ಒಂದು ಡಿಗ್ರಿ ಬಿಸಿಯಾದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯುತ್ತದೆ. ಅದು ಇಳಿಯುವಾಗ ಒಮ್ಮೆಗೇ ಇಳಿಯುತ್ತದೆ. ನಡುವಿನ ಒಣ ದಿನಗಳೂ ಉದ್ದವಾಗುತ್ತವೆ. ವರ್ಷದ ಒಟ್ಟು ಸರಿಯಾಗೇ ಕಂಡರೂ ಹೊಲಕ್ಕೆ ಆಗುವ ಪೆಟ್ಟು ಬೇರೆ. ಅದಕ್ಕೇ ತೊಗರಿ ಹೊಲದಲ್ಲಿ ಮಳೆ ಅಳೆಯಿರಿ. ತಳದಿಂದ ಬಾಯಿಯ ತನಕ ಒಂದೇ ಅಗಲವಿರುವ ಡಬ್ಬಿ ಸಾಕು, ಬಕೆಟ್ಟಿನಂತೆ ಕೆಳಗೆ ಕಿರಿದಾದದ್ದು ಬೇಡ, ಅದರಲ್ಲಿ ಲೆಕ್ಕ ಹೆಚ್ಚು ತೋರುತ್ತದೆ. ಗಿಡ, ಗೋಡೆ ಎಷ್ಟು ಎತ್ತರವೋ ಅದರ ಕನಿಷ್ಠ ಎರಡು ಪಟ್ಟು ದೂರ ಇಡಿ. ಮಾಳಿಗೆ ಮೇಲೆ ಇಟ್ಟರೆ ಗಾಳಿ ಹನಿಗಳನ್ನು ಹಾರಿಸಿಕೊಂಡು ಹೋಗುತ್ತದೆ. ದಿನಾ ಬೆಳಿಗ್ಗೆ 8.30ಕ್ಕೆ ಸ್ಕೇಲ್ ಇಳಿಸಿ ನೋಡಿ, ಚೆಲ್ಲಿ, ಬರೆದಿಡಿ. ಮಧ್ಯಾಹ್ನದ ತನಕ ಬಿಟ್ಟರೆ ಆವಿಯಾಗುತ್ತದೆ. ಒಂದು ಮಿ.ಮೀ. ಎಂದರೆ ಎಕರೆಗೆ ಸುಮಾರು 4,047 ಲೀಟರ್. 64.5 ಮಿ.ಮೀ. ದಾಟಿದರೆ ಹವಾಮಾನ ಇಲಾಖೆ ಅದನ್ನು ಭಾರಿ ಮಳೆ ಎನ್ನುತ್ತದೆ. ಎಕರೆಗೆ ಎರಡೂವರೆ ಲಕ್ಷ ಲೀಟರಿಗೂ ಹೆಚ್ಚು ನೀರು ಅದು. ಹಸಿಯಾಗಿ ಉಬ್ಬಿದ ಎರಿ ಮಣ್ಣು ಅಷ್ಟನ್ನು ಒಂದು ದಿನದಲ್ಲಿ ಕುಡಿಯಲಾರದು. ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ತೊಗರಿ ಹಳದಿಯಾಗುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮಾ ತೀರದಲ್ಲಿ ನೆರೆ ಬಂದು ಆದದ್ದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಹೊಲದ ತಗ್ಗಿನ ಕಡೆಗೆ ನೀರು ಹೋಗಲು ಕಾಲುವೆಯನ್ನು ಬಿತ್ತುವ ಮುಂಚೆಯೇ ತೆಗೆದಿಡಬೇಕು, ಮಳೆ ಬಿದ್ದ ಮೇಲೆ ಆ ಮಣ್ಣಿನಲ್ಲಿ ಯಾರೂ ಕಾಲಿಡಲಾಗುವುದಿಲ್ಲ.

ಇನ್ನು ಅನಿಲ ಬರುವುದು ಎಲ್ಲಿಂದ ಎಂದರೆ ಎಲ್ಲರೂ ಮೋಟಾರು, ಕಲ್ಲಿದ್ದಲು ಎನ್ನುತ್ತಾರೆ. ನಿಜವೇ, ಟ್ರ್ಯಾಕ್ಟರು ಕುಡಿಯುವ ಒಂದು ಲೀಟರ್ ಡೀಸೆಲ್ಲಿಗೆ 2.6–2.7 ಕಿಲೊ ಇಂಗಾಲದ ಡೈಆಕ್ಸೈಡ್. ನಮ್ಮ ಜಿಲ್ಲೆಯಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ಮೂಲವಿದೆ, ಕಾಲಡಿಯ ಸುಣ್ಣಕಲ್ಲು. ಪಡಸಾಲೆಗೆ ಹಾಸಿದ ಶಹಾಬಾದ್ ಫರಸಿಯಲ್ಲಿ ಇಂಗಾಲ ಕಲ್ಲಾಗಿ ಕೂತಿದೆ. ಹಾಸುಗಲ್ಲಾಗಿ ಇರುವ ತನಕ ಅದು ಏನೂ ಮಾಡುವುದಿಲ್ಲ. ವಾಡಿ, ಸೇಡಂ ಕಡೆಯ ಸಿಮೆಂಟ್ ಗೂಡುಗಳಲ್ಲಿ ಅಂಥ ಕಲ್ಲನ್ನು ಕಾಯಿಸಿದಾಗ, 900 ಡಿಗ್ರಿ ಹೊತ್ತಿಗೆ ಅದು ಒಡೆಯುತ್ತದೆ. ಅಪ್ಪಟ ಸುಣ್ಣಕಲ್ಲು 100 ಕಿಲೊ ಇದ್ದರೆ 56 ಕಿಲೊ ಸುಣ್ಣ, 44 ಕಿಲೊ ಇಂಗಾಲದ ಡೈಆಕ್ಸೈಡ್. ಆಮೇಲೆ 1,450 ಡಿಗ್ರಿಯಲ್ಲಿ ಕ್ಲಿಂಕರ್, ಅಂದರೆ ಅರೆದು ಸಿಮೆಂಟ್ ಮಾಡುವ ಗಟ್ಟಿ ಉಂಡೆ, ಆಗುತ್ತದೆ. ಗೂಡಿಗೆ ಕಲ್ಲಿದ್ದಲಿನ ಬದಲು ಬೇರೆ ಏನನ್ನೇ ಹಾಕಿದರೂ ಕಲ್ಲಿನೊಳಗಿನ ಆ 44 ಕಿಲೊ ಹೊರಗೆ ಬರುವುದೇ. ಹೊಸ ಮನೆ ಕಟ್ಟುವಾಗ ಗೋಡೆಗೆ, ಗಿಲಾವಿಗೆ ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿನ ಚೀಲ ತರಿಸಿ. ಅದರಲ್ಲಿ ಕ್ಲಿಂಕರ್ ಕಡಿಮೆ. ಒಂದೇ ಎಚ್ಚರ: ಅದು ನಿಧಾನವಾಗಿ ಗಟ್ಟಿಯಾಗುತ್ತದೆ. ಕನಿಷ್ಠ 10 ದಿನ, ನಮ್ಮ ಬೇಸಿಗೆಯಲ್ಲಾದರೆ 14 ದಿನ ನೀರು ಹೊಡೆಯಬೇಕು. ಗೌಂಡಿ ವಾರಕ್ಕೇ ಸಾಕು ಎಂದರೆ ಕೇಳಬೇಡಿ.

ಶಹಾಪುರದ ಭಾವನ ಗದ್ದೆಯದು ಬೇರೆ ಲೆಕ್ಕ. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕವಿರುವುದಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಕೊಳೆಯುವ ಹುಲ್ಲು, ಬೇರನ್ನು ಮೀಥೇನ್ ಮಾಡುತ್ತವೆ. ಅದರ ಬಹುಪಾಲು ಭತ್ತದ ದಂಟಿನೊಳಗಿನ ಟೊಳ್ಳಿನಿಂದಲೇ ಮೇಲೆ ಬರುತ್ತದೆ. ಮೀಥೇನ್ ಉಳಿಯುವುದು ಸುಮಾರು 12 ವರ್ಷ ಮಾತ್ರ, ಆದರೆ ತೂಕಕ್ಕೆ ತೂಕ ಹೋಲಿಸಿದರೆ, ನೂರು ವರ್ಷದ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡಿಗಿಂತ 27–30 ಪಟ್ಟು ಕಾಯಿಸುತ್ತದೆ. ನೀರನ್ನು ನಡುನಡುವೆ ಆರಿಸಿದರೆ ಇದು ಶೇ. 30ರಿಂದ 50ರ ತನಕ ಇಳಿಯುತ್ತದೆ, ಇಳುವರಿ ಇಳಿಯುವುದಿಲ್ಲ. ಕ್ರಮ ಹೀಗೆ. ನೆಲದೊಳಗೆ ನೀರು ಎಷ್ಟು ಇಳಿದಿದೆ ಎಂದು ನೋಡಲು ಒಂದು ಪೈಪು ಬೇಕು. 30 ಸೆಂ.ಮೀ. ಉದ್ದ, 10–15 ಸೆಂ.ಮೀ. ಅಗಲದ ಪಿವಿಸಿ ಪೈಪಿನ ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಹಾಕಿ, 15 ಸೆಂ.ಮೀ. ಮಣ್ಣಿನೊಳಗೆ ಇಳಿಸಿ, ಒಳಗಿನ ಮಣ್ಣು ತೆಗೆಯಬೇಕು. ಒಡ್ಡಿನ ಹತ್ತಿರ ಇರಲಿ, ಆದರೆ ದಿಣ್ಣೆಯಲ್ಲೂ ಬೇಡ, ತಗ್ಗಿನಲ್ಲೂ ಬೇಡ. ಕೆಲವು ಗಂಟೆ ಬಿಟ್ಟು ನೋಡಿದಾಗ ಪೈಪಿನ ಒಳಗಿನ ನೀರು ಹೊರಗಿನ ಮಟ್ಟಕ್ಕೆ ಬರದಿದ್ದರೆ ತೂತು ಮಣ್ಣಿನಿಂದ ಮುಚ್ಚಿವೆ, ಕಿತ್ತು ಮತ್ತೆ ಹಾಕಬೇಕು. ನಾಟಿಯಾದ ಎರಡು ವಾರದ ಮೇಲೆ ಶುರು. ಕಳೆ ಹೆಚ್ಚಿದ್ದರೆ ಇನ್ನೂ ತಡೆಯಲಿ. ನೀರು ನೆಲಕ್ಕಿಂತ 15 ಸೆಂ.ಮೀ. ಕೆಳಗೆ ಹೋದಾಗ ಮತ್ತೆ 5 ಸೆಂ.ಮೀ. ನಿಲ್ಲುವಷ್ಟು ಬಿಡಬೇಕು. ಹೂ ಬರುವ ಒಂದು ವಾರ ಮುಂಚಿನಿಂದ ಒಂದು ವಾರ ಆಮೇಲಿನ ತನಕ ಮಾತ್ರ ಆರಿಸಲೇಬಾರದು, ಕಾಳು ಜೊಳ್ಳಾಗುತ್ತದೆ. ಎರಿ ಮಣ್ಣಾದ್ದರಿಂದ 15ಕ್ಕಿಂತ ಕೆಳಗೆ ಬಿಟ್ಟರೆ ಬಿರುಕು ಬಿಟ್ಟು, ಬಿಟ್ಟ ನೀರೆಲ್ಲ ಅದರೊಳಗೇ ಇಳಿದುಹೋಗುತ್ತದೆ.

ಯೂರಿಯಾವನ್ನು ಗದ್ದೆ ಆರಿದಾಗ, ನೀರು ಬಿಡುವ ಸ್ವಲ್ಪ ಮುಂಚೆ ಹಾಕಲಿ, ಎರಚಿ ದಿನಗಟ್ಟಲೆ ಬಿಡಬಾರದು. ಅದರಿಂದ ಹುಟ್ಟುವ ನೈಟ್ರಸ್ ಆಕ್ಸೈಡ್ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ತೀಕ್ಷ್ಣ. 45 ಕಿಲೊ ಚೀಲದಲ್ಲಿ ಸುಮಾರು 20.7 ಕಿಲೊ ಸಾರಜನಕವಿದೆ. ನೂರಕ್ಕೆ ಒಂದು ಪಾಲು ಹಾಗೆ ಹೋದರೂ ಅದು ಸುಮಾರು 89 ಕಿಲೊ ಇಂಗಾಲದ ಡೈಆಕ್ಸೈಡಿಗೆ ಸಮ.

ಓಜೋನ್ ತೂತಿನಿಂದ ಬಿಸಿ ಹೆಚ್ಚಾಯಿತು ಎಂದು ತಮ್ಮನ ಮಗಳು ಪರೀಕ್ಷೆಯಲ್ಲಿ ಬರೆಯದಿರಲಿ. ಓಜೋನ್ ತಡೆಯುವುದು ಸೂರ್ಯನ ನೇರಳಾತೀತ ಕಿರಣವನ್ನು. ಅದು ಬೇರೆಯೇ ಸಂಗತಿ.

ಪೈಪಿನ ಉಪಾಯ ಕಾಲುವೆ ನೀರು ಬೇಕಾದಾಗ ಸಿಗುವ ಗದ್ದೆಗೆ ಮಾತ್ರ. ಸರದಿ ಹತ್ತು ಹನ್ನೆರಡು ದಿನಕ್ಕೊಮ್ಮೆಯಾದರೆ ಹೂವಿನ ಹೊತ್ತಿಗೆ ಕೈಕೊಡಬಹುದು. ಭಾವ ಮೊದಲು ನೀರಗಂಟಿಯನ್ನು ಕೇಳಿ ತಾರೀಖು ಬರೆದುಕೊಳ್ಳಲಿ, ಆಮೇಲೆ ಒಂದು ಮಡಿಯಲ್ಲಿ ಮಾಡಿ ನೋಡಲಿ.

ದೊಡ್ಡವರಿಗೆ ಶರಣು, ಸಣ್ಣವರಿಗೆ ಆಶೀರ್ವಾದ.

ನಿಮ್ಮ ಅಣ್ಣನ ಮಗ