ಮಗಳಿಗೊಂದು ಪತ್ರ: ಹೆಬ್ಬೆರಳು ಎಲ್ಲಿದೆ?

ಪ್ರೀತಿಯ ಪುಟ್ಟಿಗೆ,

ಅಪ್ಪನ ಆಶೀರ್ವಾದಗಳು. ಮೊಣಕಾಲಿನ ಹೊಲಿಗೆ ಬಿಚ್ಚಿದ್ದಾರೆ. ಶಿವಮೊಗ್ಗದಲ್ಲಿ ಅತ್ತೆಯ ಉಪಚಾರ ಎಷ್ಟು ಜೋರಾಗಿದೆಯೆಂದರೆ, ಹೀಗೇ ಮುಂದುವರಿದರೆ ಮೊಣಕಾಲಿಗಿಂತ ಹೊಟ್ಟೆಯದೇ ಚಿಂತೆಯಾದೀತು. ಫೋನಿನಲ್ಲಿ ಹೇಳಿದರೆ ‘ಆಯಿತಪ್ಪಾ, ಆಯಿತು’ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನೀನು ಕಳಿಸಿದ ಫೋಟೊ ನೋಡಿದೆ. ಗಾಳಿಮಳೆಗೆ ಬಿದ್ದ ಸಿಲ್ವರ್ ಓಕಿನ ಮುಂದೆ ಚೈನ್ ಸಾ ಎತ್ತಿ ನಿಂತಿದ್ದೀಯ. ಮೊದಲು ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಬೆರಳಿನಿಂದ ಹಿಗ್ಗಿಸಿ ನೋಡಿದೆ. ಕಾಲಿಗೆ ಹವಾಯಿ ಚಪ್ಪಲಿ. ಸೊಂಟಕ್ಕೆ ದುಪಟ್ಟಾ. ಯಂತ್ರ ಹೆಗಲಿಗಿಂತ ಮೇಲೆ. ಇನ್ನೂ ಹಿಗ್ಗಿಸಿದರೆ ಎಡಗೈಯ ಹೆಬ್ಬೆರಳು ಮುಂದಿನ ಹಿಡಿಯ ಮೇಲೆ, ಉಳಿದ ನಾಲ್ಕು ಬೆರಳಿನ ಪಕ್ಕದಲ್ಲೇ ಆರಾಮಾಗಿ ಮಲಗಿದೆ. ಚಪ್ಪಲಿಗೆ ಬೈಯಬಹುದಿತ್ತು, ಆದರೆ ನನಗೆ ನಿದ್ದೆ ಕೆಡಿಸಿದ್ದು ಆ ಹೆಬ್ಬೆರಳು.

ನನ್ನ ಹುಬ್ಬಿನ ಮೇಲಿನ ಗುರುತು ಗೊತ್ತಲ್ಲ? ಕೊಂಬೆ ತಾಗಿದ್ದೆಂದು ನಿಮಗೆಲ್ಲ ಹೇಳಿದ್ದೆ. ಕೊಂಬೆಯಲ್ಲ. ನಿನಗಾಗ ಐದು ವರ್ಷ. ಬಿದ್ದ ಹಲಸಿನ ರೆಂಬೆ ಕೊಯ್ಯುತ್ತಿದ್ದೆ, ಬಾರಿನ, ಎಂದರೆ ಸರಪಳಿ ಸುತ್ತುವ ಆ ಉದ್ದನೆಯ ಪಟ್ಟಿಯ, ತುದಿ ಎಲೆಗಳ ಮರೆಯಲ್ಲಿದ್ದ ಇನ್ನೊಂದು ರೆಂಬೆಗೆ ತಗುಲಿತು. ತುದಿಯ ಮೇಲ್ಭಾಗದಲ್ಲಿ ಸರಪಳಿ ಮುಂದಕ್ಕೆ ತಿರುಗಿ ಕೆಳಗಿಳಿಯುತ್ತಿರುತ್ತದೆ. ಅಲ್ಲಿ ಹಲ್ಲು ಗಟ್ಟಿ ಮರಕ್ಕೆ ಸಿಕ್ಕಿಕೊಂಡರೆ ಆ ಓಟವೆಲ್ಲ ಬಾರನ್ನು ಮೇಲಕ್ಕೂ ಹಿಂದಕ್ಕೂ, ಎಂದರೆ ನಿನ್ನ ಮುಖದತ್ತ ಎಸೆಯುತ್ತದೆ. ಪೂರ್ತಿ ವೇಗದಲ್ಲಿ ಸರಪಳಿ ಸೆಕೆಂಡಿಗೆ 20 ಮೀಟರಿನ ಆಸುಪಾಸಿನಲ್ಲಿ ಓಡುತ್ತದೆ, ತಲೆ ತಪ್ಪಿಸಿಕೊಳ್ಳುತ್ತೇನೆ ಎನ್ನುವ ಮಾತೇ ಇಲ್ಲ. ಅಂದು ನನ್ನ ಹೆಬ್ಬೆರಳು ಹಿಡಿಯ ಕೆಳಗಿನಿಂದ ಸುತ್ತಿಕೊಂಡಿತ್ತು. ಕೈ ಜಾರಲಿಲ್ಲ, ಮಣಿಕಟ್ಟು ಹಿಡಿಯ ಮುಂದಿರುವ ಕೈಗಾವಲಿನ ಪಟ್ಟಿಗೆ ಬಡಿದು, ಸರಪಳಿ ನಿಲ್ಲಿಸುವ ಚೈನ್ ಬ್ರೇಕ್ ಬಿತ್ತು. ಹುಬ್ಬಿಗೆ ಬಡಿದದ್ದು ನಿಂತ ಸರಪಳಿ. ಮೂರು ಹೊಲಿಗೆಯಲ್ಲಿ ಮುಗಿಯಿತು.

ಆದ್ದರಿಂದ ಹಿಡಿಯನ್ನು ಸುತ್ತಿ ಹಿಡಿ. ಬಾರಿನ ತುದಿ ಎಲ್ಲಿದೆಯೆಂದು ಕಾಣದಿದ್ದರೆ ಕೊಯ್ಯಬೇಡ. ಹೆಗಲಿಗಿಂತ ಎತ್ತರದ ಕೊಂಬೆಗೆ ಕತ್ತಿಯಿದೆ, ದೋಟಿಯಿದೆ. ಯಂತ್ರವನ್ನು ನೆಲದಲ್ಲಿಟ್ಟು, ಬ್ರೇಕ್ ಹಾಕಿ, ಹಿಂದಿನ ಹಿಡಿಯೊಳಗೆ ಬಲಗಾಲಿನ ಬೂಟು ಊರಿ ಹಗ್ಗ ಎಳೆ. ಗಾಳಿಯಲ್ಲಿ ತೂಗಾಡಿಸುತ್ತ ಚಾಲೂ ಮಾಡುವುದು ಗಂಡಸರ ಶೋಕಿ, ಅದನ್ನು ಕಲಿಯಬೇಡ.

ಈಗ ರಸ್ತೆಗೆ ಅಡ್ಡವಾಗಿರುವ ಮರದ ವಿಷಯ. ನಿಂತ ಮರಕ್ಕಿಂತ ಬಿದ್ದ ಮರ ಕಪಟಿ. ಫೋಟೊದಲ್ಲಿ ಕಾಂಡದ ಒಂದು ತುದಿ ಧರೆಯ, ಎಂದರೆ ರಸ್ತೆಬದಿಯ ಮಣ್ಣಿನ ಏರಿಯ, ಮೇಲಿದೆ, ಇನ್ನೊಂದು ಆಚೆ ದಿಣ್ಣೆಯ ಮೇಲೆ, ನಡುವೆ ಜೋತಿದೆ. ಮೇಲ್ಭಾಗ ಒತ್ತಿಕೊಂಡಿರುತ್ತದೆ, ಕೆಳಭಾಗ ಬಿಲ್ಲಿನ ಹೆದೆಯಂತೆ ಎಳೆದುಕೊಂಡಿರುತ್ತದೆ. ಮೇಲಿನಿಂದಲೇ ಪೂರ್ತಿ ಕೊಯ್ದರೆ ಬಾರನ್ನು ಕಚ್ಚಿ ಹಿಡಿಯುತ್ತದೆ. ಮೇಲಿನಿಂದ ಕಾಲುಭಾಗ ಕೊಯ್ದು ನಿಲ್ಲಿಸು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ. ಒಂದೇ ತುದಿ ಊರಿ ಇನ್ನೊಂದು ಗಾಳಿಯಲ್ಲಿದ್ದರೆ ಲೆಕ್ಕ ತಿರುಗುಮುರುಗು: ಮೊದಲು ಕೆಳಗೆ, ಆಮೇಲೆ ಮೇಲೆ. ಧರೆಯ ಇಳಿಜಾರಿನ ಕಡೆ ನಿಲ್ಲಬೇಡ, ತುಂಡು ಉರುಳುವುದು ಅಲ್ಲಿಗೇ.

ಬೇರಿನ ಕಡೆ ಮಾತ್ರ ನಾನು ಬರುವವರೆಗೆ ಕೈ ಹಾಕಬೇಡ. ಮಣ್ಣಿನ ಸಮೇತ ಎದ್ದು ನಿಂತಿರುವ ಆ ಬುಡ, ಕಾಂಡದ ಭಾರ ತಪ್ಪಿದೊಡನೆ ಮತ್ತೆ ಗುಂಡಿಗೆ ಮಗುಚಿಕೊಳ್ಳಬಹುದು. ಬುಡದ ಹಿಂದೆ ಕರುವನ್ನೂ ಕಟ್ಟಬೇಡಿ. ಕೊಂಬೆಗಳಡಿ ಕರೆಂಟಿನ ತಂತಿ ಸಿಕ್ಕಿಕೊಂಡಿದೆಯೋ ನೋಡು, ಇದ್ದರೆ ಹತ್ತಿರ ಹೋಗದೆ ಮೆಸ್ಕಾಂಗೆ ಫೋನ್ ಮಾಡು. ಕಾಂಡಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ಕತ್ತಿಯಿಂದ ಬಿಡಿಸಿ ತೆಗೆ, ಹಸಿ ಬಳ್ಳಿ ಸರಪಳಿಗೆ ಸುತ್ತಿಕೊಳ್ಳುತ್ತದೆ. ಬಳ್ಳಿ ಹೋಯಿತಲ್ಲ ಎಂದು ನನಗೂ ಸಂಕಟವೇ, ಇರಲಿ.

ಪೆಟ್ರೋಲಿಗೆ ಬೆರೆಸುವ ಎಣ್ಣೆ, ಒಂದು ಲೀಟರಿಗೆ 20 ಮಿಲಿಲೀಟರ್. ಎಂಜಿನ್ ತಣಿಯದೆ ತುಂಬಬೇಡ. ಸರಪಳಿಯ ಎಣ್ಣೆ ಬೇರೆ ಡಬ್ಬಿ. ಬೂಟು ನನ್ನದೇ ಇದೆ, ಎರಡು ಜೊತೆ ಕಾಲುಚೀಲ ಹಾಕಿದರೆ ಹಿಡಿಸುತ್ತದೆ. ಕಾಲಿಗೆ ಸರಪಳಿ ತಡೆಯುವ ಪ್ಯಾಂಟು ಸಿಗುತ್ತದೆ. ಒಳಗಿನ ಉದ್ದನೆಯ ನೂಲುಗಳು ಸರಪಳಿ ತಾಗಿದೊಡನೆ ಹೊರಬಂದು ಹಲ್ಲುಚಕ್ರಕ್ಕೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತವೆ. ನಾನು ಇಷ್ಟು ವರ್ಷ ಜಿಪುಣತನ ಮಾಡಿ ಕೊಳ್ಳಲಿಲ್ಲ, ನೀನು ಈ ವಾರವೇ ತರಿಸು.

ಕೊಯ್ಯುವಾಗ ಚಕ್ಕೆ ಬರಬೇಕು. ಹಿಟ್ಟಿನಂಥ ಹೊಟ್ಟು ಬಂದರೆ ಹಲ್ಲು ಮೊಂಡಾಗಿದೆ ಎಂದೇ ಅರ್ಥ, ಆಗ ನೀನು ಒತ್ತುತ್ತೀಯ, ಒತ್ತಿದವರೇ ಮುಗ್ಗರಿಸುವುದು. ಹಲ್ಲು ಹರಿತ ಮಾಡುವ ಅರ ಬಚ್ಚಲುಮನೆಯ ಅಟ್ಟದಲ್ಲಿ, ನನ್ನ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದೆ. ಪ್ರತಿ ಹಲ್ಲಿಗೂ ಒಂದೇ ಲೆಕ್ಕದಲ್ಲಿ, ಮುಂದಕ್ಕೆ ಮಾತ್ರ ಉಜ್ಜು.

ಈ ಕಾಗದ ಅಮ್ಮನ ಕೈಗೆ ಸಿಗದಂತೆ ಇಡು. ಅವಳ ಲೆಕ್ಕದಲ್ಲಿ ಅದು ಇನ್ನೂ ಕೊಂಬೆಯೇ.

ಇಂತಿ,
ನಿನ್ನ ಅಪ್ಪ