ಕೆಂಪು ಕಣ್ಣನ್ನು ಹಗಲ ಬೆಳಕಿನಲ್ಲಿ ನೋಡು

ಚಿಕ್ಕಮಗಳೂರು

ಪುಟ್ಟೀ,

ಕಣ್ಣು ಕೆಂಪಾಗಿದೆ, ಮದ್ರಾಸ್ ಐ ಇರಬೇಕು, ಮೂಡಿಗೆರೆ ಮೆಡಿಕಲ್‌ನಲ್ಲಿ ಡ್ರಾಪ್ಸ್ ತಗೋತೀನಿ ಅಂದೆಯಲ್ಲ, ತಗೋಬೇಡ. ನಿನ್ನಂತೆ ರುಮಟಾಯ್ಡ್ ಸಂಧಿವಾತ, ಅಂದರೆ ಕೀಲುಗಳ ಉರಿಯೂತ, ಇರುವವರ ಕೆಂಪು ಕಣ್ಣಿನ ಲೆಕ್ಕವೇ ಬೇರೆ.

ಕಿಟಕಿ ಪಕ್ಕ ನಿಂತು ಕನ್ನಡಿಯಲ್ಲಿ ನೋಡಿಕೋ. ಟ್ಯೂಬ್‌ಲೈಟಿನಲ್ಲಿ ಬಣ್ಣ ತಿಳಿಯುವುದಿಲ್ಲ. ಗೀಜು ಕಟ್ಟಿ ರೆಪ್ಪೆ ಅಂಟುತ್ತಿದ್ದರೆ ಸೋಂಕಿರಬಹುದು. ಗೀಜಿಲ್ಲದೆ ತಿಳಿಗೆಂಪು, ಸ್ವಲ್ಪ ಉರಿ ಅಷ್ಟೇ ಇದ್ದರೆ ಮೇಲ್ಪದರದ ಉರಿಯೂತ, ಎಪಿಸ್ಕ್ಲೆರೈಟಿಸ್. ಬಹಳ ಸಲ ತಾನೇ ಇಳಿಯುತ್ತದೆ. ಬಿಳಿಗುಡ್ಡೆಯಲ್ಲಿ ನೀಲಿ ಬೆರೆತ ನೇರಳೆಗೆಂಪು ಕಂಡರೆ, ಮುಟ್ಟಿದರೆ ನೊಂದರೆ, ನೋವು ಕೊರೆಯುತ್ತಾ ಹುಬ್ಬು, ದವಡೆಗೆ ಹರಿದು ನಸುಕಿನಲ್ಲಿ ನಿದ್ದೆ ಕೆಡಿಸಿದರೆ ಅದು ಬಿಳಿಗುಡ್ಡೆಯದೇ ಉರಿಯೂತ, ಸ್ಕ್ಲೆರೈಟಿಸ್. ಬೆಳಕು ಚುಚ್ಚಿದರೂ, ದೃಷ್ಟಿ ಮಬ್ಬಾದರೂ, ಕರಿಗುಡ್ಡೆಯ ಅಂಚಿನಲ್ಲಿ ಬೆಳ್ಳಗಿನ ಗೆರೆ ಕಂಡರೂ ಅಷ್ಟೇ: ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೊರಡು, ಸೋಮವಾರಕ್ಕೆ ಕಾಯಬೇಡ. ನೋವಿಲ್ಲದೆ ಬಿಳಿಗುಡ್ಡೆ ತೆಳುವಾಗಿ ನೀಲಿ ಇಣುಕುವುದೂ ಉಂಟು, ಕಾಯಿಲೆ ಹಳತಾದವರಲ್ಲಿ.

ಬಿಳಿಗುಡ್ಡೆಯೂ ಕೀಲಿನ ಮೃದ್ವಸ್ಥಿಯೂ ಕೊಲಾಜೆನ್‌ನಿಂದ ಆದವು. ಕೀಲನ್ನು ಕೆಡಿಸುವ ಉರಿಯೂತವೇ ಬಿಳಿಗುಡ್ಡೆಯ ಸಣ್ಣ ರಕ್ತನಾಳಗಳಿಗೂ ಹಿಡಿಯುತ್ತದೆ. ಹಾಗಾಗಿ ಸ್ಕ್ಲೆರೈಟಿಸ್‌ಗೆ ಬರೀ ಡ್ರಾಪ್ಸ್ ಸಾಲದು, ನುಂಗುವ ಔಷಧಿ ಬೇಕು. ಕೀಲಿನ ಡಾಕ್ಟರಿಗೂ ತಿಳಿಸಲೇಬೇಕು. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಡ್ರಾಪ್ಸ್ ಎರಡು ದಿನ ಕೆಂಪು ಇಳಿಸಿ ನಂಬಿಸುತ್ತದೆ. ಕರಿಗುಡ್ಡೆಯ ಅಂಚು ಕರಗುತ್ತಿದ್ದರೆ ಅದೇ ಹನಿ ತೂತು ಬೀಳಿಸಬಹುದು. ಸಂಧಿವಾತದ ಔಷಧಿ ಮೆಥೋಟ್ರೆಕ್ಸೇಟ್ ವಾರಕ್ಕೊಂದೇ ದಿನ, ಬರೆದುಕೊಟ್ಟಷ್ಟೇ. ಕಣ್ಣು ಕೆಂಪಾಯಿತೆಂದು ನೀನಾಗಿ ನಿಲ್ಲಿಸಬೇಡ.

ನಿನಗೆ ಮರಳು ಹೊಕ್ಕಂತೆ ಆಗುವುದು ಬಹುಶಃ ಒಣಗಣ್ಣು. ಸಂಧಿವಾತದವರಿಗೆ ಹೆಚ್ಚು ಬರುವುದು ಅದೇ. ಶಿರ್ಮರ್ ಪರೀಕ್ಷೆಯಲ್ಲಿ ಕೆಳರೆಪ್ಪೆಗೆ ಸಿಕ್ಕಿಸಿದ ಕಾಗದದ ಪಟ್ಟಿ 5 ನಿಮಿಷಕ್ಕೆ 5 ಮಿ.ಮೀ.ಗಿಂತ ಕಡಿಮೆ ನೆನೆದರೆ ಕಣ್ಣೀರು ಸಾಲದು ಎಂದರ್ಥ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಕೃತಕ ಕಣ್ಣೀರಿನ ಹನಿ ಬೇಕಾದರೆ ಪ್ರಿಸರ್ವೇಟಿವ್ (ಔಷಧಿ ಕೆಡದಂತೆ ಬೆರೆಸುವ ರಾಸಾಯನಿಕ) ಇಲ್ಲದ್ದನ್ನೇ ಕೇಳು, ಇಲ್ಲದಿದ್ದರೆ ಆ ರಾಸಾಯನಿಕವೇ ಕಣ್ಣನ್ನು ಕೆರಳಿಸುತ್ತದೆ. ಕಾಫಿ ಒಣಗಿಸುವ ಕಣದಲ್ಲಿ ಕನ್ನಡಕ ಹಾಕಿಕೋ, ಹಂಡೆ ಒಲೆಯ ಹೊಗೆಗೆ ಮುಖ ಕೊಡಬೇಡ.

ಸಂಧಿವಾತದ ಇನ್ನೊಂದು ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್ ಹೆಚ್ಚಾದರೆ ಅಕ್ಷಿಪಟಲ ಕೆಡಬಹುದು, ದಿನಕ್ಕೆ, ಕೆ.ಜಿ. ತೂಕಕ್ಕೆ 5 ಮಿ.ಗ್ರಾಂ. ಮೀರಬಾರದು. ನಿನ್ನ 52 ಕೆ.ಜಿ.ಗೆ 260 ಮಿ.ಗ್ರಾಂ. ಆಯಿತು; ದಿನಾ 400ರ ಮಾತ್ರೆ ಬರೆದಿದ್ದರೆ ಡಾಕ್ಟರನ್ನು ಕೇಳು. ಶುರುವಾದ ಮೊದಲ ವರ್ಷದಲ್ಲೇ ಒಮ್ಮೆ ಅಕ್ಷಿಪಟಲ ತೋರಿಸಿರಬೇಕು, 5 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಒಸಿಟಿ (ಅಕ್ಷಿಪಟಲದ ಪದರಗಳ ಸ್ಕ್ಯಾನ್) ಮತ್ತು ದೃಷ್ಟಿಕ್ಷೇತ್ರದ ಪರೀಕ್ಷೆ. ಕಿಡ್ನಿ ತೊಂದರೆ ಇದ್ದರೆ ಇನ್ನೂ ಬೇಗ.

ಬೆಳಿಗ್ಗೆ ಬೆರಳು ಸೆಟೆದುಕೊಂಡಿರುತ್ತವೆ, ಬಾಟಲಿ ಹಿಚುಕಲಾಗದು, ನನಗೆ ಗೊತ್ತು. ಕೈಯನ್ನು ಬಿಸಿನೀರಿನಲ್ಲಿ ಐದು ನಿಮಿಷ ಅದ್ದಿ ಒರೆಸಿಕೊಂಡು, ಮಲಗಿ, ಕೆಳರೆಪ್ಪೆ ಎಳೆದು ಒಂದೇ ಹನಿ ಬಿಡು. ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿ. ಎರಡನೇ ಔಷಧಿಗೆ ಐದು ನಿಮಿಷ ಬಿಡು. ಆಸ್ಪತ್ರೆಗೆ ಹೋಗುವಾಗ ಮಾತ್ರೆಗಳ ಸ್ಟ್ರಿಪ್‌ಗಳನ್ನೆಲ್ಲ ಚೀಲಕ್ಕೆ ಹಾಕಿಕೋ.

ನಿನ್ನ ಅಮ್ಮ